ಬಾಚಣಿಗೆಗೆ ಬಗ್ಗದ ತಲೆ

ನನ್ನ ಮಗಳ ತಲೆಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದರು. ಬಟ್ಟೆ ಅಂಗಡಿಯ ಕವರ್. ಎರಡು ಹಿಡಿಗಳನ್ನೂ ಕತ್ತಿನ ಹಿಂದಕ್ಕೆ ತಂದು ಗಂಟು ಹಾಕಿದ್ದರು. ಹಣೆಯ ಮೇಲೆ ಅಂಗಡಿಯ ಫೋನ್ ನಂಬರ್ ಕಾಣುತ್ತಿತ್ತು. ಮಾರ್ಚ್ ತಿಂಗಳ ಬಿಸಿಲು. ಬೆಳಗಿನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ತಲೆ ಸುತ್ತಿ ಬಿದ್ದಿದ್ದಳು. ಬಿದ್ದ ಮೇಲಾದರೂ ಬಿಚ್ಚಬೇಕಲ್ಲ, ಬಿಚ್ಚಿರಲಿಲ್ಲ. ನಾನು ಓಡಿ ಬರುವ ತನಕ ವರಾಂಡದಲ್ಲಿ ಹಾಗೇ ಕೂರಿಸಿದ್ದರು. ನಾನು ಗಂಟು ಬಿಚ್ಚಿದಾಗ ಒಳಗಿಂದ ಬೆವರು ಇಳಿದು ಯೂನಿಫಾರಂ ಕಾಲರ್ ಒದ್ದೆಯಾಯಿತು.

ಅವಳ ಹೆಸರು ಸುಮನಾ. ಒಂಬತ್ತು ವರ್ಷ, ನಾಲ್ಕನೇ ಕ್ಲಾಸು, ಗಣಿತದಲ್ಲಿ ಕ್ಲಾಸಿಗೇ ಮೊದಲು. ಅವಳ ಕೂದಲು ಗುಂಗುರು. ಗುಂಗುರು ಅಂದರೆ ಟಿ.ವಿ. ಜಾಹೀರಾತಿನ ಅಲೆ ಅಲೆ ಗುಂಗುರಲ್ಲ. ಪೆನ್ನಿನೊಳಗೆ ಸ್ಪ್ರಿಂಗ್ ಇರುತ್ತದಲ್ಲ, ಹಾಗೆ ಬುಡದಿಂದಲೇ ಸುತ್ತಿಕೊಂಡು ಹುಟ್ಟುವ ಕೂದಲು. ಎಳೆದು ಹಿಡಿದರೆ ಬೆನ್ನಿನ ತನಕ ಬರುತ್ತದೆ, ಬಿಟ್ಟರೆ ಕಿವಿಯ ಹತ್ತಿರ ಹೋಗಿ ಕೂರುತ್ತದೆ. ನನ್ನದೂ ಅದೇ. ನನ್ನವ್ವ ದೊಡ್ಡಲಕ್ಷ್ಮಮ್ಮನದೂ ಅದೇ. ನಾವಿಬ್ಬರೂ ಹುಟ್ಟಿದಂದಿನಿಂದ ಎಣ್ಣೆ ಸುರಿದು, ಬಿಗಿಯಾಗಿ ಗಂಟು ಹಾಕಿ, ಸೆರಗು ಮುಚ್ಚಿ ಬದುಕಿದವರು. ಮೂವತ್ತೊಂದು ವರ್ಷದಲ್ಲಿ ನಾನು ಒಂದು ದಿನವೂ ಕೂದಲು ಬಿಟ್ಟುಕೊಂಡು ಬೀದಿಗೆ ಬಂದಿಲ್ಲ.

ನಾನು ಶಾಲಿನಿ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ನನ್ನ ಕೆಲಸ. ಬೆಂದ ಗೂಡುಗಳು ಬಿಸಿನೀರಿನ ತೊಟ್ಟಿಯಲ್ಲಿ ತೇಲುತ್ತಿರುತ್ತವೆ. ಕೈ ಅದ್ದಿ, ಒಂದೊಂದು ಗೂಡಿನ ತುದಿ ಹುಡುಕಿ, ಎಂಟು ಹತ್ತು ಎಳೆ ಕೂಡಿಸಿ ರಾಟೆಗೆ ಕೊಡಬೇಕು. ಹನ್ನೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಬೆರಳ ತುದಿಗಳು ಬೆಂದು ಬೆಂದು ಬಿಳಿಚಿಕೊಂಡಿವೆ. ರೇಷನ್ ಅಂಗಡಿಯ ಮಿಷನ್ನು ನನ್ನ ಹೆಬ್ಬೆಟ್ಟು ಹಿಡಿಯುವುದಿಲ್ಲ. ಬಿಸಿ ಯಾವುದು, ಬೆಚ್ಚಗಿರುವುದು ಯಾವುದು ಅಂತ ಈ ಬೆರಳುಗಳಿಗೆ ಗೊತ್ತಾಗುವುದಿಲ್ಲ. ಎಷ್ಟು ಸೋಪು ತಿಕ್ಕಿದರೂ ಮೈಯಿಂದ ಬೆಂದ ಹುಳುವಿನ ವಾಸನೆ ಹೋಗುವುದಿಲ್ಲ. ಅವತ್ತು ಸ್ಕೂಲಿಗೆ ಓಡಿ ಹೋದದ್ದೂ ಅದೇ ವಾಸನೆಯಲ್ಲೇ.

ಕ್ಲಾಸ್ ಟೀಚರ್ ಪ್ರತಿಮಾ ಮಿಸ್ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಬಾಯಿ ಬರುತ್ತಿತ್ತು. ಬೇರೆ ಮಕ್ಕಳ ತಂದೆತಾಯಿಗಳು ಹೇನಿನ ದೂರು ಹೇಳಿದ್ದಾರೆ, ಅದಕ್ಕೇ ಮುನ್ನೆಚ್ಚರಿಕೆ, ತಪ್ಪು ತಿಳಿಯಬೇಡಿ ಅಂದರು. ಹೇನಿಲ್ಲ ಮಿಸ್, ನೀವೇ ನೋಡಿ ಅಂತ ನಾನು ಮಗಳ ತಲೆ ಮುಂದೆ ಹಿಡಿದೆ. ಅವರಿಗೆ ಮುಟ್ಟಲು ಅಸಹ್ಯ. ಮೇಜಿನ ಮೇಲಿದ್ದ ಸ್ಕೇಲು ತೆಗೆದುಕೊಂಡು ಅದರ ತುದಿಯಲ್ಲಿ ಎರಡು ಸಲ ಕೂದಲು ಎತ್ತಿ ಬಿಟ್ಟರು.

"ಎಣ್ಣೆ ಹಚ್ಚಿ ಎರಡು ಜಡೆ, ರಿಬ್ಬನ್. ಇದು ನಮ್ಮ ಸ್ಕೂಲ್ ರೂಲ್ಸು. ಇದನ್ನ ಜಡೆ ಅಂತಾರಾ? ಸ್ಟ್ರೈಟ್ ಮಾಡಿಸಿ, ಇಲ್ಲ ಗುಂಡು ಹೊಡೆಸಿ. ಸೋಮವಾರ ಸರಿ ಮಾಡ್ಕೊಂಡು ಬರ್ಲಿಲ್ಲ ಅಂದ್ರೆ ಟಿ.ಸಿ. ತಗೊಂಡು ಹೋಗಿ. ನಿಮ್ಮ ಕಾಲೋನಿ ಕಡೆಯವ್ರಿಗೆ ಎಷ್ಟು ಹೇಳಿದ್ರೂ ಕ್ಲೀನ್ ಅನ್ನೋದೇ ಬರಲ್ಲ."

ಅದೇ ಕ್ಲಾಸಿನಲ್ಲಿ ಜಮೀನ್ದಾರ ಬೋರಲಿಂಗಯ್ಯನವರ ಮೊಮ್ಮಗಳಿದ್ದಾಳೆ. ಅವಳಿಗೂ ಗುಂಗುರು ಕೂದಲು. ಅವಳ ತಲೆಗೆ ಯಾರೂ ಕವರ್ ಕಟ್ಟಲಿಲ್ಲ. ಸ್ಕೂಲ್ ಡೇ ದಿನ ಅವಳ ಗುಂಗುರಿಗೆ ನವಿಲುಗರಿ ಸಿಕ್ಕಿಸಿ ಬಾಲಕೃಷ್ಣನ ವೇಷ ಹಾಕಿಸಿದರು. ಪ್ರತಿಮಾ ಮಿಸ್ಸೇ ದೃಷ್ಟಿ ತೆಗೆದರು. ನಾನು ಕಣ್ಣಾರೆ ನೋಡಿದ್ದೇನೆ. ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಒಂದು ತಲೆಗೆ ನವಿಲುಗರಿ, ಇನ್ನೊಂದು ತಲೆಗೆ ಪ್ಲಾಸ್ಟಿಕ್ಕು. ಇದನ್ನು ಅವರ ಮುಖಕ್ಕೆ ಹೇಳಬೇಕಿತ್ತು. ಹೇಳಲಿಲ್ಲ. "ಸರಿ ಮಿಸ್" ಅಂದೆ. ನನ್ನ ಬಾಯಿಗೆ ಮಣ್ಣು ಬೀಳ, ಕೈ ಮುಗಿದು ಬಂದೆ.

ಜಡೆ ಹಾಕಲು ನಾನು ಪಟ್ಟ ಪಾಡು ಆ ಮಿಸ್ಸಿಗೆ ಗೊತ್ತಿದೆಯೇ? ಬೆಳಗ್ಗೆ ಆರಕ್ಕೇ ಶುರು. ಮಗಳನ್ನು ಹೊಸ್ತಿಲ ಮೇಲೆ ಕೂರಿಸಿ, ಮಂಡಿಯ ನಡುವೆ ಕತ್ತು ಸಿಕ್ಕಿಸಿಕೊಂಡು ಒಣಗಿದ ಕೂದಲನ್ನು ಬಾಚುತ್ತಿದ್ದೆ. ಬಾಚಿದಷ್ಟೂ ಅದು ಬಿಡಿಬಿಡಿಯಾಗಿ ಹತ್ತಿಯ ಹಾಗೆ ಉಬ್ಬುತ್ತಿತ್ತು. ಎಣ್ಣೆ ಸುರಿದರೆ ಮೇಲೆ ಜಿಡ್ಡು, ಒಳಗೆ ಸಿಕ್ಕು. ಈ ವರ್ಷ ಮೂರು ಬಾಚಣಿಗೆ ಮುರಿದಿವೆ. ಒಂದನ್ನು ನಾನೇ ಅವಳ ಬೆನ್ನಿನ ಮೇಲೆ ಮುರಿದೆ. ಅವಳು ಕಿರುಚಿದರೆ ಬಾಯಿ ಮುಚ್ಚು ಅಂತ ಬೈಯುತ್ತಿದ್ದೆ. ಅಷ್ಟು ಮಾಡಿ ಕಟ್ಟಿದ ಜಡೆ ಸ್ಕೂಲು ಮುಟ್ಟುವಷ್ಟರಲ್ಲಿ ಬಿಚ್ಚಿಕೊಂಡು ನಿಲ್ಲುತ್ತಿತ್ತು.

ಅವತ್ತು ಸಂಜೆ ಗಂಡ ಹಾರೋಹಳ್ಳಿಯ ಫ್ಯಾಕ್ಟರಿಯಿಂದ ಬಂದ. ಮಧುಕುಮಾರ್ ಕೆಟ್ಟವನಲ್ಲ, ಜಗಳ ಅಂದರೆ ಹೆದರುತ್ತಾನೆ. ಬೋಳಿಸಿಬಿಡೋಣ, ಕೂದಲು ತಾನೇ, ಮತ್ತೆ ಬರುತ್ತದೆ ಅಂದ. ಬಂದರೆ ಇದೇ ಬರುತ್ತದಲ್ಲ, ಆಗೇನು ಮಾಡುತ್ತೀಯ ಅಂತ ಕೇಳಿದೆ. ಅವನು ತಟ್ಟೆ ನೋಡಿಕೊಂಡು ಉಣ್ಣತೊಡಗಿದ. ಗೋಡೆಗೆ ಒರಗಿ ಕೂತಿದ್ದ ಸುಮನಾ ನನ್ನನ್ನು ಕೇಳಿದಳು.

"ಬೋಳಿಸ್ಕೊಂಡ್ರೆ ಕವರ್ ಕಟ್ಟಲ್ಲ ಅಲ್ವಾಮ್ಮ?"

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ತಪ್ಪು ಮಾಡಿದವರ ತಲೆ ಬೋಳಿಸಿ ಮೆರವಣಿಗೆ ಮಾಡುತ್ತಾರೆ. ನನ್ನ ಮಗಳು ಯಾವ ತಪ್ಪು ಮಾಡಿದ್ದಳು? ಬೋಳಿಸುವುದಿಲ್ಲ, ಸೋಮವಾರದೊಳಗೆ ನೆಟ್ಟಗೆ ಮಾಡಿಯೇ ಮಾಡುತ್ತೇನೆ ಅಂತ ಹಟ ಹಿಡಿದೆ. ಮಾರನೆಯ ದಿನ ಬಸ್ ಸ್ಟ್ಯಾಂಡಿನ ಹತ್ತಿರದ ಪಾರ್ಲರಿಗೆ ಹೋಗಿ ಕೇಳಿದೆ. ಆ ಹುಡುಗಿ ಒಳ್ಳೆಯವಳು. ಆ ಕೆಮಿಕಲ್ಲು ಮಕ್ಕಳ ತಲೆಗೆ ಹಾಕುವುದಿಲ್ಲ ಅಕ್ಕ, ಚರ್ಮ ತಡೆಯುವುದಿಲ್ಲ ಅಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ಶನಿವಾರ ತೊಟ್ಟಿಯ ಮುಂದೆ ಕೂತಾಗ ಪಕ್ಕದ ತೊಟ್ಟಿಯ ನೂರೀನ್ ಅವಳ ತಮ್ಮ ಆಫ್ತಾಬನ ಸುದ್ದಿ ಹೇಳುತ್ತಿದ್ದಳು. ಅವನು ರೇಷ್ಮೆಗೆ ಬಣ್ಣ ಹಾಕುವ ಕಡೆ ಕೆಲಸಕ್ಕೆ ಸೇರಿದ್ದ. ನಾವು ಬಿಚ್ಚಿದ ನೂಲು ಒರಟು. ಅದರ ಮೈ ತುಂಬ ಹುಳು ಬಿಟ್ಟ ಅಂಟು ಇರುತ್ತದೆ. ಅಲ್ಲಿ ಸೋಪು, ಸೋಡಾ ಹಾಕಿ ಕುದಿಸಿದರೆ ಅಂಟೆಲ್ಲ ಬಿಟ್ಟು ನೂಲು ನುಣ್ಣಗೆ, ನೆಟ್ಟಗೆ, ಹೊಳೆಯುತ್ತ ಇಳಿಬೀಳುತ್ತದಂತೆ. ಅವಳು ಏನೋ ಮಾತಿಗೆ ಹೇಳಿದಳು. ನನ್ನ ತಲೆಗೆ ಅದು ಹೊಕ್ಕಿತು. ಹೊಕ್ಕಿದ್ದು ಹೊರಗೆ ಬರಲಿಲ್ಲ. ಹನ್ನೆರಡು ವರ್ಷ ಎಳೆ ಬಿಟ್ಟು ಬೇರೇನನ್ನೂ ಮುಟ್ಟದವಳು ನಾನು. ಮಗಳ ಕೂದಲೂ ಎಳೆ. ಅದಕ್ಕೂ ಅಂಟು ಇದೆ, ಅದಕ್ಕೇ ಸುತ್ತಿಕೊಳ್ಳುತ್ತದೆ, ಅಂಟು ತೆಗೆದರೆ ನೆಟ್ಟಗಾಗುತ್ತದೆ ಅಂದುಕೊಂಡೆ. ಪಾರ್ಲರಿನದು ಕೆಮಿಕಲ್ಲು. ಬಟ್ಟೆ ಸೋಡಾ ನಮ್ಮ ಬಚ್ಚಲಿನದು. ಅದರಿಂದ ಏನಾಗುತ್ತದೆ? ಯಾರನ್ನೂ ಕೇಳಲಿಲ್ಲ.

ಭಾನುವಾರ ಬೆಳಗ್ಗೆ ಮಧುಕುಮಾರ್ ಶಿಫ್ಟಿಗೆ ಹೋದ. ಒಲೆಯ ಮೇಲೆ ನೀರಿಟ್ಟೆ. ಬಾರ್ ಸೋಪು ತುರಿದು ಹಾಕಿದೆ. ಸೋಡಾ ಎರಡು ಹಿಡಿ ಹಾಕಿದೆ. ಒಸಿ ತಣ್ಣೀರು ಬೆರೆಸಿ ಬೆರಳು ಅದ್ದಿ ನೋಡಿದೆ. ಉಗುರು ಬೆಚ್ಚಗಿತ್ತು. ನನ್ನ ಬೆರಳಿಗೆ ಉಗುರು ಬೆಚ್ಚಗಿತ್ತು.

ಬಚ್ಚಲಲ್ಲಿ ಸುಮನಾಳನ್ನು ಬಗ್ಗಿಸಿ ಮಂಡಿಯ ನಡುವೆ ಕತ್ತು ಹಿಡಿದು ಸುರಿದೆ. ಕಿರುಚಿದಳು. ದಿನಾ ಬಾಚುವಾಗಲೂ ಕಿರುಚುತ್ತಿದ್ದಳು, ಅದಕ್ಕೆ ನಿಲ್ಲಿಸಲಿಲ್ಲ. ಸುಮ್ಮನಿರು ಮಗಾ, ನಿನ್ನ ಒಳ್ಳೆಯದಕ್ಕೇ ಅಂತ ಇನ್ನೊಂದು ಚೊಂಬು ಸುರಿದು ಬುಡಕ್ಕೆ ಬೆರಳಾಡಿಸಿದೆ. ಅವಳು ನನ್ನ ತೊಡೆಯನ್ನು ಕಚ್ಚಿದಳು. ಆಗಲೂ ಬಿಡಲಿಲ್ಲ. ಕೂದಲು ಮೆತ್ತಗಾಗುತ್ತ ಬಂತು, ನುಣ್ಣಗಾಗುತ್ತ ಬಂತು. ಕೆಲಸ ಆಯಿತು ಅಂತ ನನಗೆ ಸಂತೋಷವಾಯಿತು. ದೇವರಾಣೆಗೂ ಸಂತೋಷವಾಯಿತು. ಎಳೆದು ನೋಡಿದೆ. ಒಂದು ಹಿಡಿ ಕೂದಲು ಕೈಗೇ ಬಂತು. ಲೋಳೆ ಲೋಳೆಯಾಗಿ ಬೆರಳಿಗೆ ಸುತ್ತಿಕೊಂಡಿತು. ಎಡಕಿವಿಯ ಹಿಂದೆ ಅಂಗೈ ಅಗಲ ಚರ್ಮ ಕೆಂಪಗೆ ಕಂಡಿತು.

ಹಿಂದಿನ ಮನೆಯಿಂದ ಅವ್ವ ಓಡಿ ಬಂದಳು. ನನ್ನನ್ನು ಒದ್ದು ಪಕ್ಕಕ್ಕೆ ತಳ್ಳಿ ಮಗುವಿನ ತಲೆಗೆ ತೊಟ್ಟಿಯ ತಣ್ಣೀರು ಹೊಯ್ದಳು, ಹೊಯ್ಯುತ್ತಲೇ ಇದ್ದಳು. ಆಮೇಲೆ ತಿರುಗಿ ನನ್ನ ಕೆನ್ನೆಗೆ ಬಾರಿಸಿದಳು.

"ಮುಂಡೆ, ಗೂಡು ಅಂದ್ಕಂಡ್ಯಾ ಮಗೀನ್ ತಲೇನ?"

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಯಾರು ಮಾಡಿದ್ದು ಅಂತ ಕೇಳಿದರು. ನಾನೇ ಅಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಚೀಟಿಯಲ್ಲಿ ಬರೆದರು. ಮುಲಾಮು ಕೊಟ್ಟರು. ಒಂದು ತಿಂಗಳು ಬಾಚಣಿಗೆ ಮುಟ್ಟಿಸಬೇಡಿ, ಎಣ್ಣೆ ಬೇಡ, ಬಿಗಿಯಾಗಿ ಏನನ್ನೂ ಕಟ್ಟಬೇಡಿ ಅಂದರು. ನೂರೀನ್ ಹಣ್ಣು ಹಿಡಿದುಕೊಂಡು ನೋಡಲು ಬಂದಳು. ನಾನು ಹೇಳಿದ್ದು ರೇಷ್ಮೆಗೆ ಕಣೆ ಶಾಲಿನಿ, ತಲೆಗಲ್ಲ ಅಂತ ಬಾಗಿಲಲ್ಲೇ ನಿಂತು ಅತ್ತಳು. ಅವಳದೇನು ತಪ್ಪು? ಸುಮನಾ ನನ್ನ ಹತ್ತಿರ ಮಲಗಲಿಲ್ಲ. ಅಜ್ಜಿಯ ಪಕ್ಕ ಮಲಗಿದಳು. ನಾನು ತಟ್ಟೆ ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಮಾತಾಡಿಸಿದರೆ ಮಾತಾಡುತ್ತಿದ್ದಳು. ಕೈ ಮೇಲೆತ್ತಿದರೆ ಮಾತ್ರ ಹಿಂದಕ್ಕೆ ಸರಿಯುತ್ತಿದ್ದಳು. ನಾನು ಸತ್ತಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಐದು ದಿನ ಬಿಟ್ಟು ಅವ್ವ ದಾಸವಾಳದ ಸೊಪ್ಪು ನೀರಲ್ಲಿ ಕಿವುಚಿ ಲೋಳೆ ತೆಗೆದಳು. ಗಾಯ ಬಿಟ್ಟು ಉಳಿದ ಕಡೆ ಹಚ್ಚಿಕೊಳ್ಳಲಿ, ತಂಪು ಅಂದಳು. ಸುಮನಾ ಬಚ್ಚಲಲ್ಲಿ ತಾನೇ ಕೂತು ತಾನೇ ನೀರು ಹಾಕಿಕೊಂಡಳು. ನಾನು ಹೊಸ್ತಿಲಾಚೆ ನಿಂತಿದ್ದೆ. ಒದ್ದೆ ಕೂದಲಿಗೆ ಲೋಳೆ ಬಿದ್ದಾಗ ಅದು ಮಾಡಿದ್ದನ್ನು ನನ್ನ ಕಣ್ಣು ಕಂಡಿತು. ಬಿಡಿಬಿಡಿ ಕೂದಲು ತಾವಾಗಿಯೇ ಹತ್ತಿರ ಬಂದು ಒಂದೊಂದು ಬೆರಳು ಗಾತ್ರದ ಸುರುಳಿಯಾಗಿ ಕೂಡಿಕೊಳ್ಳುತ್ತಿದ್ದವು. ತೊಟ್ಟಿಯಲ್ಲಿ ಎಳೆ ಕೂಡುವುದೂ ಹೀಗೆಯೇ. ಒದ್ದೆ ಇರುವಾಗ, ಅಂಟು ಇರುವಾಗ, ಎಳೆದಾಡದೆ ಬೆರಳಲ್ಲಿ ಹಿಡಿದರೆ ಮಾತ್ರ ಕೂಡುತ್ತದೆ. ಒಣಗಿದ ಮೇಲೆ ಎಳೆದರೆ ಹರಿಯುತ್ತದೆ. ಇದು ನನಗೆ ಹನ್ನೆರಡು ವರ್ಷದಿಂದ ಗೊತ್ತು. ಗೊತ್ತಿದ್ದೂ ದಿನಾ ಬೆಳಗ್ಗೆ ಒಣ ತಲೆಗೆ ಬಾಚಣಿಗೆ ಹಾಕಿ ಎಳೆದೆ. ಅಂಟು ತೆಗೆಯಬೇಕು ಅಂತ ಸುಟ್ಟೆ. ಬೇಕಾಗಿದ್ದು ಅಂಟೇ.

ದೂರದಿಂದಲೇ ಹೇಳಿದೆ. ಎಳೀಬೇಡ ಮಗಾ, ಒಸಿ ಒಸಿ ತಗೊಂಡು ಬುಡದಿಂದ ತುದಿಗೆ ಬೆರಳು ಜಾರಿಸು, ಆಮೇಲೆ ಕೆಳಗಿಂದ ಮೇಲಕ್ಕೆ ಅಂಗೈಯಲ್ಲಿ ಹಿಂಡು. ಟವೆಲ್ ಹಾಕಿ ಉಜ್ಜಬೇಡ. ಅವ್ವನ ಹಳೇ ಹತ್ತಿ ಸೀರೆಯ ತುಂಡು ಎಸೆದೆ, ಅದರಲ್ಲಿ ಒತ್ತಿಕೊಂಡಳು. ಮೊದಲ ದಿನ ಅರ್ಧ ಒಣಗಿದಾಗ ಮುಟ್ಟಿ ಮುಟ್ಟಿ ನೋಡಿದಳು, ಸುರುಳಿಗಳು ಒಡೆದು ಮತ್ತೆ ಹತ್ತಿಯಾದವು. ಎರಡನೆಯ ಸಲ ಲೋಳೆ ಜಾಸ್ತಿಯಾಗಿ ತಲೆಯೆಲ್ಲ ಕಾಗದದಂತೆ ಬಿರುಸಾಯಿತು. ಮೂರನೆಯ ಸಲ ಸರಿಯಾಯಿತು. ಒಣಗುವ ತನಕ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಒಣಗಿದ ಮೇಲೆ ಎದ್ದು ಕನ್ನಡಿಯ ಮುಂದೆ ನಿಂತಳು. ಕಪ್ಪಗೆ, ದುಂಡಗೆ, ಒಂದರ ಪಕ್ಕ ಒಂದು ಸುರುಳಿ. ತಲೆ ಅಲ್ಲಾಡಿಸಿದಳು, ಅವೂ ಅಲ್ಲಾಡಿದವು. ಎಡಕಿವಿಯ ಹಿಂದೆ ಬರೀ ಚರ್ಮ. ಅಲ್ಲಿಗೆ ಒಂದು ಸುರುಳಿಯನ್ನು ತಂದು ಮುಚ್ಚಿಕೊಂಡಳು. ನನ್ನ ಮಗಳು ಅಷ್ಟು ಚೆಂದ ಅಂತ ನನಗೇ ಗೊತ್ತಿರಲಿಲ್ಲ. ನಾನು ಒಲೆಯ ಮುಂದೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ.

ಮಿಸ್ ಹೇಳಿದ ಸೋಮವಾರದಿಂದ ಸುಮನಾ ಸ್ಕೂಲಿಗೆ ಹೋಗಿರಲಿಲ್ಲ. ಸ್ಕೂಲಿನಿಂದ ಮೆಸೇಜ್ ಬಂತು. ಸುಮನಾಳ ಪೋಷಕರು ಸೋಮವಾರ ಆಫೀಸಿಗೆ ಬರಬೇಕು ಅಂತ. ಅವಳನ್ನೂ ಕರೆದುಕೊಂಡು ಹೊರಟೆ. ಎಣ್ಣೆ ಇಲ್ಲ, ಜಡೆ ಇಲ್ಲ, ರಿಬ್ಬನ್ ಇಲ್ಲ. ಸುರುಳಿಗಳನ್ನು ಹಾಗೇ ಬಿಟ್ಟುಕೊಂಡಿದ್ದಳು. ನಾನೂ ಗಂಟು ಬಿಚ್ಚಿ ಹೊರಟೆ. ದಾರಿಯಲ್ಲಿ ಎರಡು ಸಲ ನಾಚಿಕೆಯಿಂದ ಸೆರಗು ತಲೆಯ ಮೇಲೆ ಎಳೆದುಕೊಂಡು ಮತ್ತೆ ಬಿಟ್ಟೆ.

ಆಫೀಸಿನಲ್ಲಿ ಸ್ಕೂಲ್ ಕಮಿಟಿಯ ಕಾರ್ಯದರ್ಶಿ ಕೆಂಪರಾಜು ಸಾರ್ ಕೂತಿದ್ದರು. ಪಕ್ಕದಲ್ಲಿ ಪ್ರತಿಮಾ ಮಿಸ್. ಬೋರಲಿಂಗಯ್ಯನವರ ಸೊಸೆ ಬಂದರೆ ಎದ್ದು ನೀವು ಅನ್ನುವ ಬಾಯಿ, ನನಗೆ ಕೂರು ಅನ್ನಲಿಲ್ಲ. ಸಾರ್ ನೀನು ಅಂತಲೇ ಶುರು ಮಾಡಿದರು. ಗಾಯ ಕಂಡ ಮಿಸ್, ಇದೇನಿದು, ಹುಳುಕಡ್ಡಿನಾ, ಬೇರೆ ಮಕ್ಕಳಿಗೆ ಹತ್ತಿದರೆ ಅಂತ ಸುರುಳಿ ಎತ್ತಿ ನೋಡಲು ಸ್ಕೇಲು ಚಾಚಿದರು. ಸುಮನಾ ಒಂದು ಹೆಜ್ಜೆ ಹಿಂದೆ ಹೋದಳು.

"ಮುಟ್ಬೇಡಿ ಮಿಸ್."

ಮೆಲ್ಲಗೆ ಹೇಳಿದಳು. ಆದರೆ ಸ್ಕೇಲು ಹಿಂದಕ್ಕೆ ಹೋಯಿತು.

ನಡೆದದ್ದನ್ನೆಲ್ಲ ನಾನೇ ಹೇಳಿದೆ, ಮುಚ್ಚಿಡಲಿಲ್ಲ. ಕೆಂಪರಾಜು ಸಾರ್ ಮುಖ ಹಗುರಾಯಿತು. ಡ್ರಾಯರಿನಿಂದ ಒಂದು ಟೈಪ್ ಮಾಡಿದ ಹಾಳೆ ತೆಗೆದು ಹೆಬ್ಬೆಟ್ಟಿನ ಮಸಿಯ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ನಾನು ಎಸ್‌ಎಸ್‌ಎಲ್‌ಸಿ ಪಾಸಾದವಳು. ಓದಿದೆ. ವೈಯಕ್ತಿಕ ಕಾರಣದಿಂದ ಸ್ವಂತ ಇಚ್ಛೆಯಿಂದ ಮಗಳ ಟಿ.ಸಿ. ಪಡೆಯುತ್ತಿದ್ದೇನೆ, ಶಾಲೆಯಿಂದ ಯಾವ ತೊಂದರೆಯೂ ಆಗಿಲ್ಲ ಅಂತ ಇತ್ತು. ಪೆನ್ನು ಕೊಡಿ ಸಾರ್ ಅಂದೆ. ಹಾಳೆ ತಿರುಗಿಸಿ ಹಿಂದೆ ಬರೆದೆ. ನನ್ನ ಮಗಳ ತಲೆ ಸುಟ್ಟವಳು ನಾನು ಅಂತ ಮೊದಲ ಸಾಲು ಬರೆದೆ. ಕೂದಲು ನೆಟ್ಟಗೆ ಮಾಡಿ, ಇಲ್ಲವೇ ಬೋಳಿಸಿ ಅಂದವರು ಪ್ರತಿಮಾ ಮಿಸ್ ಅಂತ ಎರಡನೆಯದು. ಮೂರನೆಯದಕ್ಕೆ ಬಂದು ಮಗಳ ಕಡೆ ತಿರುಗಿದೆ. ಕವರ್ ಕಟ್ಟಿದ್ದು ಆ ಒಂದು ದಿನ ತಾನೇ ಅಂತ ಕೇಳಿದೆ.

"ಹನ್ನೊಂದು ದಿನ" ಅಂದಳು.

ಹನ್ನೊಂದು ದಿನ. ಹನ್ನೊಂದು ದಿನವೂ ಮನೆಗೆ ಬಂದು ಹೋಂವರ್ಕ್ ಮಾಡಿದ್ದಾಳೆ, ಉಂಡಿದ್ದಾಳೆ, ಬೆಳಗ್ಗೆ ಎದ್ದು ನನ್ನ ಮಂಡಿಯ ನಡುವೆ ಕತ್ತು ಕೊಟ್ಟಿದ್ದಾಳೆ. ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಹೇಳಿದ್ರೆ ನೀನು ಇನ್ನೂ ಜೋರಾಗಿ ಬಾಚ್ತಿದ್ದೆ."

ಮಿಸ್ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಹನ್ನೊಂದು ದಿನ ಅಂತ ಬರೆದೆ. ಹೆಸರು ಬರೆದೆ, ತಾರೀಖು ಹಾಕಿದೆ. ನನ್ನದು ನಾನು ಬರೆದಿದ್ದೇನೆ, ಕೆಳಗೆ ನಿಮ್ಮದು ನೀವು ಬರೆದು ಸೈನ್ ಮಾಡಿ, ಆಮೇಲೆ ಟಿ.ಸಿ. ಮಾತಾಡೋಣ ಅಂತ ಮಿಸ್ ಮುಂದೆ ಇಟ್ಟೆ. ಅವರು ಮುಟ್ಟಲಿಲ್ಲ. ಕೆಂಪರಾಜು ಸಾರ್ ಹಾಳೆ ಕಸಿದುಕೊಂಡು ಹರಿದು ಬುಟ್ಟಿಗೆ ಹಾಕಿದರು. ಟಿ.ಸಿ. ನೀನು ತಗೊಂಡರೂ ಅಷ್ಟೇ ಬಿಟ್ಟರೂ ಅಷ್ಟೇ, ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಹೊಡೆದಾಗಿದೆ ಅಂದರು. ಹರಿಯಿರಿ, ನಾನು ಇನ್ನೂ ಬರೆಯುತ್ತೇನೆ ಅಂತ ಹೇಳಿ ಮಗಳ ಬ್ಯಾಗು ಎತ್ತಿಕೊಂಡು ಹೊರಗೆ ಬಂದೆ.

ಬೆಲ್ಲು ಹೊಡೆಯಿತು. ನಾನು ಗೇಟಿನ ಕಡೆ ತಿರುಗಿದೆ. ಸುಮನಾ ತಿರುಗಲಿಲ್ಲ. ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡಳು. ಭುಜಕ್ಕೆ ಹಾಕಿಕೊಳ್ಳುವಾಗ ಪಟ್ಟಿಗೆ ಒಂದು ಸುರುಳಿ ಸಿಕ್ಕಿಕೊಂಡಿತು. ಬಿಡಿಸಲು ನನ್ನ ಕೈ ತಾನಾಗಿಯೇ ಮೇಲೆದ್ದಿತು. ಬೇಡಮ್ಮ ಅಂದಳು. ತಾನೇ ಬಿಡಿಸಿಕೊಂಡು, ವರಾಂಡ ದಾಟಿ, ನಾಲ್ಕನೇ ಕ್ಲಾಸಿನ ಒಳಗೆ ಹೋಗಿ ತನ್ನ ಬೆಂಚಿನಲ್ಲಿ ಕೂತಳು.

ನಾನು ಕಿಟಕಿಯ ಹೊರಗೆ ನಿಂತೆ. ಪ್ರತಿಮಾ ಮಿಸ್ ಬಂದರು. ಅವಳನ್ನು ನೋಡಿದರು, ನೋಡದ ಹಾಗೆ ಕೂತರು. ಹಾಜರಿ ಪುಸ್ತಕ ಬಿಚ್ಚಿ ಹೆಸರು ಕೂಗತೊಡಗಿದರು. ಒಂದೊಂದು ಹೆಸರಿಗೂ ಒಂದೊಂದು ಮಗು ಎದ್ದು ಪ್ರೆಸೆಂಟ್ ಮಿಸ್ ಅಂದು ಕೂತಿತು. ಸುಮನಾಳಿಗಿಂತ ಮೊದಲಿನ ಹೆಸರು ಶೋಯೆಬ್, ಅವನೂ ಎದ್ದು ಕೂತ. ಸುಮನಾ ಅನ್ನಬೇಕಾದ ಕಡೆ ಮಿಸ್ ನಿಲ್ಲಲಿಲ್ಲ, ಮುಂದಿನ ಹೆಸರಿಗೆ ಹೋದರು. ಕೊನೆಯ ಹೆಸರು ಮುಗಿಯಿತು. ಪುಸ್ತಕ ಮುಚ್ಚಿದರು.

ಸುಮನಾ ಎದ್ದು ನಿಂತಳು.

"ಪ್ರೆಸೆಂಟ್ ಮಿಸ್."

ಮಿಸ್ ಬೋರ್ಡಿನ ಕಡೆ ತಿರುಗಿ ತಾರೀಖು ಬರೆದರು. ಮಕ್ಕಳೆಲ್ಲ ಸುಮನಾಳನ್ನು ನೋಡುತ್ತಿದ್ದವು. ಅವಳು ಕೂರಲಿಲ್ಲ.

"ಪ್ರೆಸೆಂಟ್ ಮಿಸ್" ಅಂತ ಮತ್ತೆ ಹೇಳಿದಳು.